ಥರ್ಮಾಮೀಟರು ದಾಟಿದ ಕೈಗಳು: ನಂಬಿಕೆ ಎಂಬ ಪದದ ಬಗ್ಗೆ ಕೆಲವು ಟಿಪ್ಪಣಿಗಳು

1

ಸಾರ್ವಜನಿಕ ಆರೋಗ್ಯದ ಬರಹಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ನಗರದ ಸ್ಲಮ್ಮುಗಳ ಜನ ಸಂಶೋಧಕರನ್ನು ನಂಬುತ್ತಿಲ್ಲ, ಆದ್ದರಿಂದ ಅವರಲ್ಲಿ ನಂಬಿಕೆಯನ್ನು ಕಟ್ಟಬೇಕು ಎಂಬುದು ಆ ಮಾತು. ಒಳ್ಳೆಯ ಮಾತೇ. ಆದರೆ ಸಾಹಿತ್ಯ ವಿಮರ್ಶೆ ಓದಿಕೊಂಡು ಬಂದ ನನಗೆ ವಾಕ್ಯ ಎಷ್ಟೇ ಒಳ್ಳೆಯದಿದ್ದರೂ ಅದರಲ್ಲಿ ಕರ್ತೃ ಯಾರು, ಕರ್ಮ ಯಾರು ಎಂದು ಹುಡುಕುವ ಚಾಳಿ. ಈ ವಾಕ್ಯದಲ್ಲಿ ಕಟ್ಟುವವನು ಸಂಶೋಧಕ. ಕಟ್ಟಿಸಿಕೊಳ್ಳುವವಳು ಕೇರಿಯ ಹೆಂಗಸು. ಕೊರತೆ ಇರುವುದು ಅವಳಲ್ಲಿ. ಅವಳಿಗೆ ರಕ್ತ ಕಡಿಮೆ, ತೂಕ ಕಡಿಮೆ, ಓದು ಕಡಿಮೆ ಎಂದು ಬರೆದುಕೊಂಡ ಪಟ್ಟಿಯಲ್ಲಿ ಈಗ ನಂಬಿಕೆಯೂ ಕಡಿಮೆ ಎಂದು ಇನ್ನೊಂದು ಸಾಲು ಸೇರಿದೆ. ಅಷ್ಟೇ ತಾನೆ?

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಸರ್ವೆ, ಫಾರಂ, ಆಸ್ಪತ್ರೆಯ ಮಾತು ಯಾಕೆ ಎಂದು ಕೆಲವು ಗೆಳೆಯರು ಕೇಳಬಹುದು. ದಲಿತ ವಿಮರ್ಶೆ ಎಂದರೆ ದಲಿತರು ಬರೆದ ಕತೆ ಕವಿತೆಗಳ ವಿಮರ್ಶೆ ಮಾತ್ರ ಎಂದು ನಾವು ಒಪ್ಪಿಕೊಂಡುಬಿಟ್ಟರೆ ನಮಗೆ ನಾವೇ ಬೇಲಿ ಹಾಕಿಕೊಂಡಂತೆ. ದಲಿತರ ಬಗ್ಗೆ ಪುಟಗಟ್ಟಲೆ ಬರೆದಿಟ್ಟವರಲ್ಲಿ ಕವಿಗಳು ಕೆಲವರೇ. ಸೆನ್ಸಸ್ಸಿನವರು, ಪೊಲೀಸಿನವರು, ಡಾಕ್ಟರುಗಳು, ಸಮಾಜಶಾಸ್ತ್ರದವರು ಬರೆದದ್ದೇ ಬಹಳ. ಅವೂ ಪಠ್ಯಗಳೇ. ಅಲ್ಲೂ ಒಬ್ಬ ನಿರೂಪಕನಿದ್ದಾನೆ. ಅಲ್ಲೂ ಪಾತ್ರಗಳಿವೆ, ಮೌನಗಳಿವೆ, ತೀರ್ಪುಗಳಿವೆ. ಒಂದು ಕವಿತೆ ನಮ್ಮನ್ನು ತಪ್ಪಾಗಿ ಚಿತ್ರಿಸಿದರೆ ನಮಗೆ ಸಿಟ್ಟು ಬರುತ್ತದೆ. ಒಂದು ಸರ್ವೆ ನಮ್ಮನ್ನು ತಪ್ಪಾಗಿ ಬರೆದುಕೊಂಡರೆ ನಮ್ಮ ಬೀದಿಗೆ ಬರಬೇಕಾದ ಔಷಧಿ ಬೇರೆ ಬೀದಿಗೆ ಹೋಗುತ್ತದೆ. ಆದ್ದರಿಂದ ಈ ಪಠ್ಯಗಳನ್ನು ಓದುವ ಕೆಲಸವನ್ನು ಡಾಕ್ಟರುಗಳಿಗೇ ಬಿಟ್ಟುಕೊಡಬಾರದು ಎಂಬುದು ನನ್ನ ತಕರಾರು.

ಮೊದಲು ಪದವನ್ನೇ ನೋಡೋಣ. ಕನ್ನಡದಲ್ಲಿ ನಂಬಿಕೆ ಎಂಬ ಪದಕ್ಕೆ ಒಂದು ಜಾತಿಯ ಚರಿತ್ರೆ ಇದೆ. 'ಗೌಡರ ಮನೆಯ ನಂಬಿಕಸ್ಥ ಆಳು' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 'ಆಳಿನ ಪಾಲಿಗೆ ನಂಬಿಕಸ್ಥ ಗೌಡ' ಎಂದು ಯಾರಾದರೂ ಅಂದದ್ದುಂಟೆ? ನಂಬಿಕಸ್ಥ ಎಂಬುದು ಕೆಳಗಿದ್ದವನಿಗೆ ಮೇಲಿದ್ದವನು ಕೊಡುವ ಸರ್ಟಿಫಿಕೇಟು. ಹೊಲದ ಕಣದಲ್ಲಿ ರಾಶಿ ಕಾಯುವವನು ನಂಬಿಕಸ್ಥನಾಗಿರಬೇಕಿತ್ತು. ರಾಶಿ ಅಳೆಯುವವನ ನಂಬಿಕೆಯನ್ನು ಯಾರೂ ಅಳೆಯುತ್ತಿರಲಿಲ್ಲ. ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದೂ ನಂಬಿಕೆಯ ಮೇಲೆಯೇ. ಪತ್ರದಲ್ಲಿ ಏನಿದೆ ಎಂದು ಓದಿ ಹೇಳಿದವನೂ ಸಾಲ ಕೊಟ್ಟವನೇ ಆಗಿರುತ್ತಿದ್ದ. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂತು. ಹೆಬ್ಬೆಟ್ಟು ಮಾತ್ರ ಉಳಿದುಕೊಂಡಿತು. ಈಗ ಅದು ಒಪ್ಪಿಗೆ ಪತ್ರದ ಕೆಳಗೆ ಬೀಳುತ್ತಿದೆ. ಆ ಹೆಬ್ಬೆಟ್ಟಿಗೆ ಹಳೆಯ ನೆನಪು ಇರಬಾರದು ಎಂದರೆ ಹೇಗೆ?

2

ಈ ಚರ್ಚೆಗೆ ನನಗೆ ಕಾಣುವ ಮೂಲಪಠ್ಯ ಅಂಬೇಡ್ಕರ್ ಅವರ 'ವೇಟಿಂಗ್ ಫಾರ್ ಎ ವೀಸಾ'. 1930ರ ದಶಕದ ಮಧ್ಯದಲ್ಲಿ ಬರೆದ ಈ ಪುಟ್ಟ ಆತ್ಮಕಥನದಲ್ಲಿ ಅವರು ತಮ್ಮ ಅನುಭವಗಳ ಜೊತೆಗೆ ಬೇರೆಯವರದ್ದನ್ನೂ ಸೇರಿಸಿದ್ದಾರೆ. ಅದರಲ್ಲಿ ಒಂದು, ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರನ ಪತ್ರ. 1929ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅದು ಅಚ್ಚಾಗಿತ್ತು. ಮಾಸ್ತರನ ಹೆಂಡತಿ ಬಾಣಂತಿ. ಹೆರಿಗೆಯಾದ ಎರಡು ದಿನಕ್ಕೆ ಕಾಯಿಲೆ ಬೀಳುತ್ತಾಳೆ. ಡಾಕ್ಟರು ಕೇರಿಯೊಳಗೆ ಬರಲು ಒಪ್ಪುವುದಿಲ್ಲ. ಊರಿನ ದೊಡ್ಡವರ ಕೈಯಲ್ಲಿ ಹೇಳಿಸಿ, ಫೀಜಿಗೆ ಜಾಮೀನು ಕೊಡಿಸಿದ ಮೇಲೆ, ರೋಗಿಯನ್ನು ಕೇರಿಯ ಹೊರಗೆ ತಂದರೆ ನೋಡುತ್ತೇನೆ ಎನ್ನುತ್ತಾರೆ. ಬಾಣಂತಿಯನ್ನು ಹೊರಗೆ ತರುತ್ತಾರೆ. ಆಗ ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಡುತ್ತಾರೆ. ಆತ ಮಾಸ್ತರನಿಗೆ ಕೊಡುತ್ತಾನೆ. ಮಾಸ್ತರ ಹೆಂಡತಿಗೆ ಇಡುತ್ತಾನೆ. ಅದು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಡಾಕ್ಟರು ದೀಪದ ಬೆಳಕಿನಲ್ಲಿ ಅದನ್ನು ನೋಡಿ ನ್ಯುಮೋನಿಯಾ ಎನ್ನುತ್ತಾರೆ. ಔಷಧಿ ಕಳಿಸುತ್ತಾರೆ. ಮತ್ತೆ ಬಂದು ನೋಡಲು ಒಪ್ಪುವುದಿಲ್ಲ. ಹೆಂಗಸು ಸಾಯುತ್ತಾಳೆ.

ಈ ಪ್ರಸಂಗವನ್ನು ಅಸ್ಪೃಶ್ಯತೆಯ ಕ್ರೌರ್ಯಕ್ಕೆ ಉದಾಹರಣೆ ಎಂದು ಓದಿ ಮುಂದೆ ಹೋಗುವುದು ರೂಢಿ. ನನಗೆ ಇದು ಜ್ಞಾನದ ಬಗೆಗಿನ ಒಂದು ಕಥನವಾಗಿಯೂ ಕಾಣುತ್ತದೆ. ಗಮನಿಸಿ, ಇಲ್ಲಿ ಮಾಹಿತಿ ಸರಿಯಾಗಿಯೇ ಸಂಗ್ರಹವಾಯಿತು. ಪಾದರಸ ಸುಳ್ಳು ಹೇಳಲಿಲ್ಲ. ರೋಗ ಯಾವುದೆಂದೂ ಗೊತ್ತಾಯಿತು. ಮೈಯಿಂದ ಶಾಖ ಡಾಕ್ಟರನ ಕಣ್ಣಿನವರೆಗೆ ಮೂರು ಕೈ ದಾಟಿ ತಲುಪಿತು. ತಲುಪದೇ ಹೋದದ್ದು ಒಂದೇ: ಡಾಕ್ಟರನ ಕೈ ಆ ಮೈಯವರೆಗೆ. ಮೈಯನ್ನು ಮುಟ್ಟದೆ ಮೈಯ ಬಗ್ಗೆ ತಿಳಿದುಕೊಳ್ಳುವ, ತಿಳಿದುಕೊಂಡ ಮೇಲೆ ಆ ಮೈಯ ಋಣದಿಂದ ಪಾರಾಗುವ ಒಂದು ಪದ್ಧತಿ ಇದು. ನಗರದ ಸ್ಲಮ್ಮುಗಳಲ್ಲಿ ನಡೆಯುವ ಬಹುಪಾಲು ಆರೋಗ್ಯ ಸಂಶೋಧನೆ ಈ ಥರ್ಮಾಮೀಟರಿನ ದಾರಿಯಲ್ಲೇ ನಡೆಯುತ್ತಿದೆ ಎಂಬುದು ನನ್ನ ವಾದ.

ಇವತ್ತು ಆ ದಾರಿಯಲ್ಲಿರುವ ಕೈಗಳು ಯಾರವು? ಪ್ರಶ್ನಾವಳಿಯನ್ನು ಬರೆದವರು ಒಂದು ಸಂಸ್ಥೆಯಲ್ಲಿ ಕೂತಿರುತ್ತಾರೆ. ಅದು ಸೂಪರ್‌ವೈಸರ್ ಕೈಗೆ ಬರುತ್ತದೆ. ಅಲ್ಲಿಂದ ದಿನಗೂಲಿಯ ಲೆಕ್ಕದಲ್ಲಿ ನೇಮಕವಾದ ಫೀಲ್ಡಿನ ಹುಡುಗಿಯ ಕೈಗೆ ಬರುತ್ತದೆ. ಆ ಹುಡುಗಿ ಅದೇ ಬೀದಿಯವಳು, ಹಲವು ಸಲ ಅದೇ ಜಾತಿಯವಳು. ನಾನೂ ಎಂ.ಎ. ಮುಗಿಸಿದ ಮೇಲೆ ಕೆಲವು ತಿಂಗಳು ಇಂಥದೊಂದು ಸರ್ವೆಯಲ್ಲಿ ಬೆಂಗಳೂರಿನ ಬೀದಿಗಳನ್ನು ಸುತ್ತಿದವನು. ಆ ಬೀದಿಗಳಲ್ಲಿ ನಮಗೆ ಒಂದು ಹೆಸರಿತ್ತು. 'ಬರ್ಕೊಳ್ಳೋರು ಬಂದ್ರು ಕಣೇ' ಎಂದು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಮಾತು ಹೋಗುತ್ತಿತ್ತು. ಡಾಕ್ಟರು ಎಂದರೆ ಔಷಧಿ ಕೊಡುವವನು, ಮೇಸ್ತ್ರಿ ಎಂದರೆ ಕೆಲಸ ಕೊಡುವವನು, ನಾವು ಮಾತ್ರ ಬರೆದುಕೊಳ್ಳುವವರು. ಕ್ರಿಯಾಪದದಲ್ಲೇ ವಿಮರ್ಶೆ ಇದೆ ನೋಡಿ. ಬರೆಯೋರು ಅಂತಲೂ ಅಲ್ಲ, ಬರೆದು *ಕೊಳ್ಳೋ*ರು. ಕೊಡುವುದೇನೂ ಇಲ್ಲ.

ಒಬ್ಬ ಅಜ್ಜಿ ಎಲ್ಲದಕ್ಕೂ ಇಲ್ಲ ಇಲ್ಲ ಅನ್ನುತ್ತಿದ್ದಳು. ಕೆಮ್ಮು ಇಲ್ಲ, ಜ್ವರ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಕೆಮ್ಮುತ್ತಲೇ ಇಲ್ಲ ಅನ್ನುತ್ತಿದ್ದಳು. ಯಾಕಜ್ಜಿ ಅಂದರೆ, 'ಹೂಂ ಅಂದ್ರೆ ನೀನು ಇನ್ನೂ ಹತ್ತು ಕೇಳ್ತೀಯ. ಇಲ್ಲ ಅಂದ್ರೆ ಬೇಗ ಮುಗೀತದೆ' ಅಂದಳು. ಪ್ರಶ್ನಾವಳಿಯ ರಚನೆಯನ್ನು ಅವಳು ಸರಿಯಾಗಿಯೇ ಓದಿದ್ದಳು. ಹೌದು ಎಂದರೆ ಮುಂದಿನ ಪ್ರಶ್ನೆಗೆ, ಇಲ್ಲ ಎಂದರೆ ಹತ್ತು ಪ್ರಶ್ನೆ ಬಿಟ್ಟು ಅದರಾಚೆಗೆ ಹೋಗಿ ಎಂಬ ಸೂಚನೆ ಫಾರಮ್ಮಿನಲ್ಲಿ ಅಚ್ಚಾಗಿತ್ತು. ಅಕ್ಷರ ಬಾರದ ಹೆಂಗಸು ಹಿಂದಿನ ಮೂರು ಸರ್ವೆಗಳಿಂದ ಅದನ್ನು ಕಲಿತಿದ್ದಳು. ನಾವು ಇದನ್ನು ಅಪನಂಬಿಕೆ ಎಂದು ಕರೆಯುತ್ತೇವೆ. ನಾನು ಇದನ್ನು ಮೌಖಿಕ ವಿಮರ್ಶೆ ಎನ್ನುತ್ತೇನೆ. ಕೇರಿಯ ಅಪನಂಬಿಕೆಯಲ್ಲಿ ತಿಳಿವಳಿಕೆಯ ಅಭಾವವನ್ನು ಕಾಣುವುದು ತಪ್ಪು. ಅದು ತಿಳಿವಳಿಕೆಯ ಒಂದು ರೂಪ. ಸಂಗ್ರಹವಾಗಿರುವ ಅನುಭವ ಅದು.

3

ಆ ಅನುಭವಕ್ಕೆ ಆಧಾರವಿದೆಯೇ ಎಂದು ಕೇಳುವವರಿಗೆ ದಾಖಲೆಗಳಿವೆ.

ದೆಹಲಿಯಲ್ಲಿ 1976ರಿಂದ 1988ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆಯೊಂದು ಗರ್ಭಕೊರಳಿನಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆಗಳಿದ್ದ 1,158 ಹೆಂಗಸರನ್ನು ಗಮನಿಸುತ್ತ ಹೋಯಿತು. ಇಂಥ ಬದಲಾವಣೆ ಎಷ್ಟು ದಿನಕ್ಕೆ, ಎಷ್ಟು ಜನರಲ್ಲಿ ಕ್ಯಾನ್ಸರ್ ಆಗುತ್ತದೆ ಎಂದು ತಿಳಿಯುವುದು ಉದ್ದೇಶ. ತಿಳಿಯಬೇಕಾದರೆ ಚಿಕಿತ್ಸೆ ಕೊಡದೆ ಕಾಯಬೇಕು. ಕಾದರು. 71 ಹೆಂಗಸರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಒಂಬತ್ತು ಜನರಲ್ಲಿ ಅದು ಹರಡುವ ಹಂತಕ್ಕೆ ಹೋಗಿತ್ತು. 1997ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ವರದಿಯಾದಾಗ ಲಿಖಿತ ಒಪ್ಪಿಗೆ ಪಡೆದಿರಲಿಲ್ಲ ಎಂಬುದು ಹೊರಬಂತು. ಆ ಕಾಲಕ್ಕೆ ಅದು ಕಡ್ಡಾಯವಿರಲಿಲ್ಲ, ಬಾಯಿಮಾತಿನ ಒಪ್ಪಿಗೆ ಇತ್ತು ಎಂಬುದು ಸಮರ್ಥನೆ. ನಮ್ಮ ಜನರ ಬಾಯಿಮಾತಿಗೆ ಯಾವ ಕೋರ್ಟಿನಲ್ಲೂ ಬೆಲೆ ಸಿಗುವುದಿಲ್ಲ. ಇಲ್ಲಿ ಮಾತ್ರ ಸಿಕ್ಕಿತು.

ಅದೇ 1997ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಟಸ್ಕೀಗಿ ಅಧ್ಯಯನಕ್ಕಾಗಿ ಕ್ಷಮೆ ಕೇಳಿದರು. ಅಲಬಾಮಾದ ಮೇಕನ್ ಕೌಂಟಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ರೋಗವಿದ್ದ 399 ಕಪ್ಪು ಗಂಡಸರನ್ನು, ಪೆನಿಸಿಲಿನ್ ಬಂದ ಮೇಲೂ ಕೊಡದೆ, ನೋಡುತ್ತ ಕೂತ ಅಧ್ಯಯನ ಅದು. ಶವಪರೀಕ್ಷೆಗೆ ಒಪ್ಪಿದರೆ ಮಣ್ಣು ಮಾಡುವ ಖರ್ಚು ಕೊಡುತ್ತಿದ್ದರು. ಅಲ್ಲೂ ನಡುವೆ ಒಂದು ಕೈ ಇತ್ತು. ಯೂನಿಸ್ ರಿವರ್ಸ್ ಎಂಬ ಕಪ್ಪು ನರ್ಸ್ ಆ ಗಂಡಸರನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದಳು, ಸುಖದುಃಖ ವಿಚಾರಿಸುತ್ತಿದ್ದಳು. ಅವರು ಸರ್ಕಾರವನ್ನು ನಂಬಲಿಲ್ಲ, ಅವಳನ್ನು ನಂಬಿದರು. ಎಂದರೆ ಟಸ್ಕೀಗಿಯಲ್ಲಿ ನಂಬಿಕೆಗೆ ಏನೂ ಕೊರತೆಯಿರಲಿಲ್ಲ. ಇದ್ದ ನಂಬಿಕೆಯ ಮೇಲೆಯೇ ಆ ಅಧ್ಯಯನ 40 ವರ್ಷ ನಡೆಯಿತು. ನಂಬಿಕೆ ಕಟ್ಟಬೇಕು ಎನ್ನುವವರು ಈ ಮಾತನ್ನು ಮರೆಯಬಾರದು. ಕಟ್ಟಿದ ನಂಬಿಕೆಯನ್ನು ಏನು ಮಾಡುತ್ತೀರಿ ಎಂಬುದು ಮುಂದಿನ ಪ್ರಶ್ನೆ.

ಮೂರನೆಯದು ಮುಂಬಯಿಯ ಸ್ಲಮ್ಮುಗಳದ್ದು. ಇದು ಸುಲಭದ ಉದಾಹರಣೆಯಲ್ಲ. 1998ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಹಣದಲ್ಲಿ, 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಒಂದು ಪ್ರಯೋಗ ಆರಂಭಿಸಿತು. ಸ್ಲಮ್ಮುಗಳ 20 ಗುಂಪುಗಳಲ್ಲಿ 10 ಗುಂಪಿನ ಹೆಂಗಸರಿಗೆ ವಿನಿಗರ್‌ನಂಥ ಆಮ್ಲ ಸವರಿ ಗರ್ಭಕೊರಳನ್ನು ಕಣ್ಣಿನಿಂದಲೇ ನೋಡುವ ಪರೀಕ್ಷೆ, ಎರಡೆರಡು ವರ್ಷಕ್ಕೊಮ್ಮೆ. ಪರೀಕ್ಷೆ ಮಾಡಿದವರು ನಾಲ್ಕು ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಉಳಿದ 10 ಗುಂಪಿಗೆ ಕ್ಯಾನ್ಸರ್ ಬಗ್ಗೆ ಒಂದು ಸಲ ತಿಳಿವಳಿಕೆ, ಅಷ್ಟೆ. 2013ರ ಜೂನ್‌ನಲ್ಲಿ ಷಿಕಾಗೋದ ಸಮ್ಮೇಳನದಲ್ಲಿ ಫಲಿತಾಂಶ ಹೇಳಿದರು. ಪರೀಕ್ಷೆಯಾದ ಗುಂಪಿನಲ್ಲಿ ಗರ್ಭಕೊರಳ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆ. ಲ್ಯಾಬು ಬೇಡ, ಡಾಕ್ಟರೂ ಬೇಡ, ಬಡದೇಶಕ್ಕೆ ಹೊಂದುವ ವಿಧಾನ ಸಿಕ್ಕಿತು. ದೊಡ್ಡ ಸಾಧನೆ, ಇಲ್ಲ ಎನ್ನುವವನಲ್ಲ ನಾನು. ಮುಟ್ಟಿ ನೋಡಿದ ಕೈಗಳೂ ಅಲ್ಲಿದ್ದವು.

ಆದರೆ ಮುಂಬಯಿ, ಉಸ್ಮಾನಾಬಾದ್, ದಿಂಡಿಗಲ್‌ಗಳ ಇಂಥ ಮೂರು ಪ್ರಯೋಗಗಳಲ್ಲಿ ಪರೀಕ್ಷೆ ಸಿಗದ ಗುಂಪುಗಳಲ್ಲಿದ್ದವರು 1,38,624 ಹೆಂಗಸರು. ಅವರಲ್ಲಿ ಕನಿಷ್ಠ 254 ಜನ ಈ ಕ್ಯಾನ್ಸರಿನಿಂದ ಸತ್ತರು ಎಂದು 2014ರಲ್ಲಿ ವಿಮರ್ಶಕರು ಎತ್ತಿ ಹೇಳಿದರು. ಸಂಶೋಧಕರ ಉತ್ತರ: ಭಾರತದಲ್ಲಿ ಬಡ ಹೆಂಗಸಿಗೆ ಆಗ ಸಿಗುತ್ತಿದ್ದದ್ದೇ ಏನೂ ಇಲ್ಲದ ಸ್ಥಿತಿ, ಅವಳಿಂದ ನಾವು ಏನನ್ನೂ ಕಿತ್ತುಕೊಳ್ಳಲಿಲ್ಲ. ಈ ಉತ್ತರವನ್ನು ನಿಧಾನವಾಗಿ ಓದಬೇಕು. ನಮ್ಮ ಬೀದಿಗೆ ನೀರು ಬಾರದಿರುವುದು, ಆಸ್ಪತ್ರೆ ಬಾರದಿರುವುದು ಒಂದು ಅನ್ಯಾಯ. ಆ ಅನ್ಯಾಯವೇ ಇಲ್ಲಿ ಅಳತೆಗೋಲಾಗುತ್ತದೆ. ಏನೂ ಇಲ್ಲದವರಿಗೆ ಏನೂ ಕೊಡದಿರುವುದು ಅನ್ಯಾಯವಲ್ಲ ಎಂಬ ತರ್ಕ ವೈದ್ಯಶಾಸ್ತ್ರಕ್ಕೆ ಹೊಸದಿರಬಹುದು. ಜಾತಿವ್ಯವಸ್ಥೆಯನ್ನು ಬಲ್ಲವರಿಗೆ ಹೊಸದಲ್ಲ.

ಇನ್ನೂ ಒಂದು ಲೆಕ್ಕವಿದೆ. ಆ ಹೆಂಗಸರಿಂದ ಸಿಕ್ಕ ಜ್ಞಾನ 2013ಕ್ಕೇ ಕೈಯಲ್ಲಿತ್ತು. 2016ರಲ್ಲಿ ಸರ್ಕಾರ ದೇಶಾದ್ಯಂತ ಇಂಥ ತಪಾಸಣೆಗೆ ಮಾರ್ಗಸೂಚಿಯನ್ನೂ ಹೊರಡಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೊರಳ ಕ್ಯಾನ್ಸರ್ ತಪಾಸಣೆ ಆದವರು ಶೇ. 1.9. ನೂರಕ್ಕೆ ಇಬ್ಬರೂ ಇಲ್ಲ. ಥರ್ಮಾಮೀಟರು ವಾಪಸು ಹೋಗಿದೆ, ದೀಪದ ಬೆಳಕಿನಲ್ಲಿ ಓದಿಯೂ ಆಗಿದೆ, ರೋಗದ ಹೆಸರೂ ಗೊತ್ತು. ಡಾಕ್ಟರು ಬಂದಿಲ್ಲ. ಇಲ್ಲಿ ಬಾಕಿ ಉಳಿದಿರುವುದು ಋಣ. ನಂಬಿಕೆಯ ಮಾತು ಅದಾದ ಮೇಲಿನದು.

4

ಒಪ್ಪಿಗೆ ಪತ್ರ ಎಂಬ ಸಾಹಿತ್ಯ ಪ್ರಕಾರದ ಬಗ್ಗೆ ಎರಡು ಮಾತು ಹೇಳಬೇಕು. ಅದು ಪ್ರಥಮ ಪುರುಷದಲ್ಲಿದೆ ಎಂಬುದನ್ನು ನೀವು ಗಮನಿಸಿರಬಹುದು... ಕನ್ನಡ ವ್ಯಾಕರಣದ ಪ್ರಕಾರ ಉತ್ತಮ ಪುರುಷ ಅನ್ನಬೇಕು, ಪಂಡಿತರು ಬೇಸರಿಸುವುದು ಬೇಡ. 'ನಾನು ಸ್ವಇಚ್ಛೆಯಿಂದ' ಎಂದು ಅದು ಶುರುವಾಗುತ್ತದೆ. ನನಗೆ ಎಲ್ಲವನ್ನೂ ವಿವರಿಸಲಾಗಿದೆ, ನನಗೆ ಅರ್ಥವಾಗಿದೆ, ಯಾವಾಗ ಬೇಕಾದರೂ ನಾನು ಹೊರಬರಬಹುದು ಎಂದು ಮುಂದುವರಿಯುತ್ತದೆ. ಈ 'ನಾನು' ಯಾರು? ಇದನ್ನು ಬರೆದವರು ಬೇರೆ, ಹೆಬ್ಬೆಟ್ಟು ಒತ್ತುವವಳು ಬೇರೆ. ಕನ್ನಡದಲ್ಲಿ ದಲಿತ ಲೇಖಕ 'ನಾನು' ಎಂದು ಬರೆದು ಅದನ್ನು ಸಾಹಿತ್ಯವೆಂದು ಒಪ್ಪಿಸುವುದಕ್ಕೆ ಎಷ್ಟು ದಶಕ ಬೇಕಾಯಿತು ಎಂದು ನಮಗೆ ಗೊತ್ತು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಬಂದದ್ದು 1990ರ ದಶಕದಲ್ಲಿ. ಅಷ್ಟು ಕಷ್ಟಪಟ್ಟು ಗಳಿಸಿದ 'ನಾನು' ಇಲ್ಲಿ ಟೈಪಾಗಿ ಬಿಟ್ಟಿಯಾಗಿ ಬರುತ್ತದೆ. ಅವಳ 'ನಾನು' ಅವಳಿಗಿಂತ ಮೊದಲೇ ಎಲ್ಲದಕ್ಕೂ ಒಪ್ಪಿಕೊಂಡಿರುತ್ತದೆ.

ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್'ನಲ್ಲಿ ಗಾಂಧಿ-ಅಂಬೇಡ್ಕರ್ ಮುಖಾಮುಖಿಯನ್ನು ಆತ್ಮಶುದ್ಧಿ ಮತ್ತು ಆತ್ಮಗೌರವ ಎಂಬ ಎರಡು ಪರಿಕಲ್ಪನೆಗಳ ಮೂಲಕ ವಿವರಿಸಿದರು. ಆತ್ಮಶುದ್ಧಿಯ ಮಾದರಿಯಲ್ಲಿ ಕಥಾನಾಯಕ ಸವರ್ಣ. ದಲಿತ ಅವನ ಶುದ್ಧಿಗೆ ಒಂದು ನಿಮಿತ್ತ. ಸಂಶೋಧನೆಯ ನೀತಿಶಾಸ್ತ್ರ ಎಂದು ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಈ ಆತ್ಮಶುದ್ಧಿಯ ಮಾದರಿಯದ್ದು. ಎಥಿಕ್ಸ್ ಕಮಿಟಿಯ ಮೊಹರು ಸಂಶೋಧಕನ ಮೇಲೆ ಪ್ರೋಕ್ಷಿಸಿದ ತೀರ್ಥದ ಹಾಗೆ. ಅವನು ಮಡಿಯಾದ. ಕಾನೂನೂ ಹೀಗೆಯೇ ಯೋಚಿಸುತ್ತದೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ 4ನೇ ಕಲಮು, ಸದುದ್ದೇಶದಿಂದ ಮಾಡಿದ ಯಾವುದಕ್ಕೂ ದಾವೆ ಹೂಡುವಂತಿಲ್ಲ ಎನ್ನುತ್ತದೆ. ಮೇಲಿನವರ ಸದುದ್ದೇಶವನ್ನು ಕಾನೂನು ಇದೆಯೆಂದೇ ಭಾವಿಸಿಕೊಳ್ಳುತ್ತದೆ. ಕೇರಿಯ ನಂಬಿಕೆಯನ್ನು ಮಾತ್ರ ತಳಪಾಯದಿಂದ ಕಟ್ಟಬೇಕು!

ಗೋಪಾಲ್ ಗುರು 2002ರಲ್ಲಿ ಸಮಾಜವಿಜ್ಞಾನದೊಳಗೆ ತಾತ್ವಿಕ ಬ್ರಾಹ್ಮಣರು ಮತ್ತು ಅನುಭವಮಾತ್ರದ ಶೂದ್ರರು ಎಂಬ ವಿಂಗಡಣೆಯನ್ನು ತೋರಿಸಿಕೊಟ್ಟರು. ಒಬ್ಬರು ಸಿದ್ಧಾಂತ ಕಟ್ಟುತ್ತಾರೆ, ಇನ್ನೊಬ್ಬರು ಅಂಕಿಅಂಶ ಹೊರುತ್ತಾರೆ. ಆರೋಗ್ಯ ಸಂಶೋಧನೆಗೆ ಬಂದರೆ ಇದಕ್ಕೆ ಐದನೆಯ ವರ್ಣವನ್ನೂ ಸೇರಿಸಬೇಕಾಗುತ್ತದೆ. ಸಿದ್ಧಾಂತವನ್ನೂ ಕಟ್ಟದ, ಅಂಕಿಅಂಶವನ್ನೂ ಹೊರದ, ತಾನೇ ಅಂಕಿಯಾಗುವ ಪಂಚಮರು ಅಲ್ಲಿದ್ದಾರೆ.

ಇದರ ಪೆಟ್ಟು ತಿನ್ನುವುದು ನಡುವಿನ ಕೈ. 2020ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಹೆಗಡೆನಗರದ ಬಳಿ ಕೋವಿಡ್ ಮಾಹಿತಿಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ನಡೆಯಿತು. ಹಲ್ಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದಕ್ಕೆ ನಾಲ್ಕು ತಿಂಗಳ ಹಿಂದೆ, 2019ರ ಡಿಸೆಂಬರಿನಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆ ಬಂದಿತ್ತು. ಬರೆದುಕೊಳ್ಳಲು ಬಂದವರು ಏನನ್ನು ಬರೆದುಕೊಳ್ಳುತ್ತಾರೋ, ಆ ಕಾಗದ ನಾಳೆ ಎಲ್ಲಿ ಹೋಗುತ್ತದೋ ಎಂಬ ಭಯ ಮುಸ್ಲಿಂ ಬೀದಿಗಳಲ್ಲಿತ್ತು. ಆ ಭಯವನ್ನು ಹುಟ್ಟಿಸಿದವರು ದೂರ ಇದ್ದರು. ಏಟು ತಿಂದವಳು ಗೌರವಧನದ ಆಶಾ. ಅದೇ ವರ್ಷದ ಜುಲೈನಲ್ಲಿ ಈ ಹೆಂಗಸರು ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ರಾಜ್ಯಾದ್ಯಂತ ಮುಷ್ಕರ ಕೂರಬೇಕಾಯಿತು. ಕೈ ತಟ್ಟಿ, ಹೂ ಚೆಲ್ಲಿ ಅವರನ್ನು ಯೋಧರು ಎಂದವರು ಸಂಬಳ ಎಂಬ ಪದವನ್ನು ಮಾತ್ರ ಬಾಯಿಂದ ತೆಗೆಯಲಿಲ್ಲ. ಇಡೀ ವ್ಯವಸ್ಥೆಯ ನಂಬಿಕೆಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುವವಳಿಗೆ ವ್ಯವಸ್ಥೆಯೇ ನೌಕರಳೆಂಬ ಮಾನ್ಯತೆ ಕೊಡದಿದ್ದರೆ, ಅವಳು ಯಾವ ನಂಬಿಕೆಯನ್ನು ತಾನೇ ಕಟ್ಟಿಯಾಳು?

5

ಅಪನಂಬಿಕೆಯ ಚರಿತ್ರೆಯಲ್ಲೂ ಊರು ಬೇರೆ, ಕೇರಿ ಬೇರೆ. 1897ರ ಪುಣೆಯ ಪ್ಲೇಗನ್ನು ನಮ್ಮ ಪಠ್ಯಪುಸ್ತಕಗಳು ರಾಂಡ್ ಎಂಬ ಅಧಿಕಾರಿಯ ಕೊಲೆಯ ಮೂಲಕ ನೆನಪಿಡುತ್ತವೆ. ಸೋಲ್ಜರುಗಳು ದೇವರಮನೆಗೆ ನುಗ್ಗಿದರು, ಹೆಂಗಸರನ್ನು ಮುಟ್ಟಿದರು ಎಂಬ ಸಿಟ್ಟು ಅದು. ದೌರ್ಜನ್ಯ ನಿಜ. ಆದರೆ ಅದು *ಮುಟ್ಟಿದರು* ಎಂಬ ದೂರು. ಕೇರಿಯ ದೂರು ಅದಕ್ಕೆ ತದ್ವಿರುದ್ಧ: ಯಾರೂ *ಮುಟ್ಟಲಿಲ್ಲ*. ಅದೇ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ಮುಂಢವಾದ ಮಹಾರ್ ಕೇರಿಯಿಂದ ರೋಗ ಹತ್ತಿದ ಒಂದು ಮಗುವನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತನ ಶುಶ್ರೂಷಾ ಕೇಂದ್ರಕ್ಕೆ ತಂದರು. ರೋಗ ತಾಗಿ 1897ರ ಮಾರ್ಚ್ 10ರಂದು ತೀರಿಕೊಂಡರು. ಥರ್ಮಾಮೀಟರಿನ ಕತೆಯನ್ನು ಇದರ ಪಕ್ಕದಲ್ಲಿಟ್ಟು ಓದಿ. ಅಲ್ಲಿ ಮೈ ಮತ್ತು ಜ್ಞಾನದ ನಡುವೆ ಮೂರು ಕೈ. ಇಲ್ಲಿ ಬೆನ್ನಿಗೂ ಮಗುವಿಗೂ ನಡುವೆ ಏನೂ ಇಲ್ಲ.

ಮರುವರ್ಷ ಪ್ಲೇಗು ಬೆಂಗಳೂರಿಗೆ ಬಂತು. ಅದರ ಹೊಡೆತದಲ್ಲಿ ಮಲ್ಲೇಶ್ವರ, ಬಸವನಗುಡಿಗಳೆಂಬ ಗಾಳಿಬೆಳಕಿನ ಬಡಾವಣೆಗಳು ಬೆಳೆದವು. ಅನುಕೂಲಸ್ಥರಿಗೆ ಬಡಾವಣೆ ಸಿಕ್ಕಿತು, ಬಡವರಿಗೆ ಪ್ಲೇಗಮ್ಮ ಸಿಕ್ಕಳು. ಪ್ಲೇಗಮ್ಮನನ್ನು ಮೂಢನಂಬಿಕೆ ಎಂದು ನಗುವವರು ಒಂದು ವಿಷಯ ಯೋಚಿಸಬೇಕು. ಅವಳು ಬೀದಿಯಲ್ಲೇ ಇದ್ದಳು, ಕರೆದಾಗ ಸಿಗುತ್ತಿದ್ದಳು, ಬರೆದುಕೊಂಡು ಹೋಗುತ್ತಿರಲಿಲ್ಲ.

6

ಹಾಗಾದರೆ ಸಂಶೋಧನೆಯೇ ಬೇಡವೆ? ಈ ನಿಲುವನ್ನು ತಾಳುವುದು ಸುಲಭ, ಆದರೆ ನಮಗೇ ನಷ್ಟ. ಲೆಕ್ಕವೇ ಇಲ್ಲದಿದ್ದರೆ ನಮ್ಮ ಸಾವಿಗೆ ಸಾಕ್ಷಿಯೂ ಇಲ್ಲ. ಮ್ಯಾನ್‌ಹೋಲಿನಲ್ಲಿ ಸತ್ತವರನ್ನು ಹೆಸರು ಹಿಡಿದು ಎಣಿಸಿ ದೇಶದ ಮುಂದಿಟ್ಟವರು ಸಫಾಯಿ ಕರ್ಮಚಾರಿಗಳ ಚಳವಳಿಯವರು. ಎಣಿಸುವುದೂ ಒಂದು ಹೋರಾಟವೇ.

ಭೋಪಾಲವನ್ನು ನೋಡಿ. 1984ರ ಡಿಸೆಂಬರಿನ ಅನಿಲ ದುರಂತದ ಮೇಲೆ ಸರ್ಕಾರಿ ಸಂಶೋಧನಾ ಮಂಡಳಿ ನಡೆಸುತ್ತಿದ್ದ ಅಧ್ಯಯನಗಳು 1994ಕ್ಕೆ ಮುಗಿದವು. ರೋಗ ಮುಗಿದಿರಲಿಲ್ಲ. ಸಂತ್ರಸ್ತರಿಗೆಂದೇ ಕಟ್ಟಿದ ದೊಡ್ಡ ಆಸ್ಪತ್ರೆಯಲ್ಲಿ 2004ರಿಂದ 2008ರ ನಡುವೆ ಅದೇ ಸಂತ್ರಸ್ತರ ಮೇಲೆ ಔಷಧ ಕಂಪನಿಗಳ ಪ್ರಯೋಗಗಳು ನಡೆದವು. ತಾವು ಪ್ರಯೋಗದಲ್ಲಿದ್ದೇವೆ ಎಂದೇ ಗೊತ್ತಿರಲಿಲ್ಲ ಎಂದು ಹಲವರು ಆಮೇಲೆ ಹೇಳಿದರು. 2020ರ ಡಿಸೆಂಬರಿನಲ್ಲಿ ಕಾರ್ಖಾನೆಯ ಸುತ್ತಲ ಬಸ್ತಿಗಳಿಂದ ಜನರನ್ನು ಕೋವಿಡ್ ಲಸಿಕೆಯ ಪ್ರಯೋಗಕ್ಕೆ ಕರೆದೊಯ್ದು 750 ರೂಪಾಯಿ ಕೊಟ್ಟಾಗ, ಇದು ಲಸಿಕೆ ಎಂದುಕೊಂಡೆವು, ಪ್ರಯೋಗ ಎಂದು ಯಾರೂ ಬಿಡಿಸಿ ಹೇಳಲಿಲ್ಲ ಎಂದರು ಜನ. ನಡೆಸಿದವರು ಅದನ್ನು ನಿರಾಕರಿಸಿದರು. ಅದೇ ಊರಿನಲ್ಲಿ 1996ರಿಂದ ಸಂಭಾವನಾ ಎಂಬ ಕ್ಲಿನಿಕ್ಕೂ ಇದೆ. ಚಿಕಿತ್ಸೆ ಉಚಿತ. ಅಲ್ಲಿ ಕೆಲಸ ಮಾಡುವವರಲ್ಲಿ ಅನಿಲ ಕುಡಿದವರೇ ಹಲವರಿದ್ದಾರೆ. ಬಸ್ತಿಗಳ ರೋಗದ ಲೆಕ್ಕವನ್ನು ಬಸ್ತಿಯವರೇ ಬರೆಯುತ್ತಾರೆ. ಒಂದೇ ಊರು, ಒಂದೇ ಜನ. ಒಂದು ಕಡೆ ಸಂಶಯ, ಇನ್ನೊಂದು ಕಡೆ ಕ್ಯೂ. ಅಂದಮೇಲೆ ಅಪನಂಬಿಕೆ ಆ ಜನರ ಸ್ವಭಾವ ಅಲ್ಲ, ಸಂಬಂಧದ ಗುಣ.

ನಮ್ಮ ಬೆಂಗಳೂರಿನ ಕಾಡುಗೊಂಡನಹಳ್ಳಿಯಲ್ಲಿ 2009ರಿಂದ ಒಂದು ಸಾರ್ವಜನಿಕ ಆರೋಗ್ಯ ಸಂಸ್ಥೆ ಹಲವು ವರ್ಷ ನಿಂತು ಕೆಲಸ ಮಾಡಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳ ಲೆಕ್ಕ ತೆಗೆಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಶ್ರೀಮಂತರ ರೋಗ ಎಂಬ ಮಾತನ್ನು ಅದು ಸುಳ್ಳು ಮಾಡಿತು. ತಿಂಗಳು ತಿಂಗಳು ಕೈಯಿಂದ ತೆರುವ ಔಷಧಿಯ ದುಡ್ಡೇ ಬಡವರನ್ನು ಇನ್ನಷ್ಟು ಬಡವರನ್ನಾಗಿ ಮಾಡುತ್ತದೆ ಎಂದು ತೋರಿಸಿತು. ಬಂದು ಬರೆದುಕೊಂಡು ಹೋಗುವುದಕ್ಕೂ ನಿಂತು ಬರೆಯುವುದಕ್ಕೂ ವ್ಯತ್ಯಾಸ ಇದೆ.

ಕೊನೆಗೆ ನಮ್ಮ ಚಳವಳಿಯ ಮಾತು. 1972ರಲ್ಲಿ ಮುಂಬಯಿಯ ಯುವಕರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಹೆಸರು ತಂದರು, ಸಿಟ್ಟು ತಂದರು. ಆ ಸಿಟ್ಟು ಕನ್ನಡಕ್ಕೂ ಬಂತು. ಆದರೆ ಬ್ಲ್ಯಾಕ್ ಪ್ಯಾಂಥರ್ಸ್ 1970ರ ಹೊತ್ತಿಗೆ ತಮ್ಮ ಪ್ರತಿ ಶಾಖೆಯೂ ಒಂದು ಉಚಿತ ಕ್ಲಿನಿಕ್ ತೆರೆಯಬೇಕೆಂದು ನಿಯಮ ಮಾಡಿದ್ದರು. ವೈದ್ಯಲೋಕ ಕಡೆಗಣಿಸಿದ್ದ ಸಿಕಲ್ ಸೆಲ್ ಕಾಯಿಲೆಯ ತಪಾಸಣೆಯನ್ನು ತಾವೇ ಬೀದಿಬೀದಿಯಲ್ಲಿ ನಡೆಸಿದರು. ಬಂದೂಕು ಹಿಡಿದ ಅವರ ಚಿತ್ರ ಸಮುದ್ರ ದಾಟಿ ಬಂತು, ಸ್ಟೆತಸ್ಕೋಪು ಹಿಡಿದ ಚಿತ್ರ ಬರಲಿಲ್ಲ. ಭೂಮಿ, ಮೀಸಲಾತಿ, ದೌರ್ಜನ್ಯದ ಪ್ರಶ್ನೆಗಳ ಪಕ್ಕದಲ್ಲಿ ಮೈಯ ಪ್ರಶ್ನೆ ನಮ್ಮ ಕರಪತ್ರಗಳಲ್ಲಿ ಇನ್ನೂ ಜಾಗ ಕೇಳುತ್ತಲೇ ಇದೆ. ಪೌರಕಾರ್ಮಿಕಳ ಶ್ವಾಸಕೋಶ, ಗಾರ್ಮೆಂಟ್ಸ್ ಹುಡುಗಿಯ ಬೆನ್ನು, ಬಾಣಂತಿಯ ರಕ್ತ ಇವು ರಾಜಕೀಯದ ಹೊರಗಿನ ವಿಷಯಗಳಲ್ಲ.

ಆದ್ದರಿಂದ ಕಾರ್ಯಕರ್ತರಿಗೆ, ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ಮುಂದಿನ ಸಲ ನಿಮ್ಮ ಬೀದಿಗೆ ಸರ್ವೆಯವರು ಬಂದರೆ ಓಡಿಸಬೇಡಿ, ತಲೆಬಾಗಲೂ ಬೇಡಿ. ಕೂರಿಸಿ, ಟೀ ಕೊಟ್ಟು, ಕೇಳಿ. ಹಿಂದಿನ ಸಲ ಬರೆದುಕೊಂಡದ್ದರ ವರದಿ ಎಲ್ಲಿ? ಈ ಪ್ರಶ್ನೆಗಳನ್ನು ಬರೆದವರಲ್ಲಿ ನಮ್ಮ ಬೀದಿಯವರು ಯಾರಿದ್ದರು? ರೋಗ ಇದೆ ಎಂದು ಗೊತ್ತಾದರೆ ಔಷಧಿ ಯಾರದು, ಎಷ್ಟು ವರ್ಷ? ಈ ಹುಡುಗಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ಫಲಿತಾಂಶವನ್ನು ಇಂಗ್ಲಿಷಿನ ಜರ್ನಲ್ಲಿಗೆ ಕಳಿಸುವ ಮೊದಲು ಈ ಅರಳಿಕಟ್ಟೆಯ ಮೇಲೆ ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ ಓದಿ ಹೇಳುತ್ತೀರಾ? ತಪ್ಪಿದ್ದರೆ ತಿದ್ದಲು ಬಿಡುತ್ತೀರಾ? ಉತ್ತರಗಳನ್ನು ನೀವೂ ಬರೆದುಕೊಳ್ಳಿ. ತಾರೀಖು ಹಾಕಿ, ಅವರ ಸಹಿ ಹಾಕಿಸಿಕೊಳ್ಳಿ. ಬರೆದುಕೊಳ್ಳುವ ಹಕ್ಕು ಒಂದೇ ಕಡೆ ಇರಬೇಕಾಗಿಲ್ಲ.

ಒಳ್ಳೆಯ ಸಂಶೋಧಕ ಈ ಪ್ರಶ್ನೆಗಳಿಗೆ ಹೆದರುವುದಿಲ್ಲ. ಹೆದರುವವನು ನಮ್ಮ ನಂಬಿಕೆಗೆ ತಕ್ಕವನೂ ಅಲ್ಲ. ಲೆಕ್ಕ ಮೊದಲು ಚುಕ್ತಾ ಆಗಲಿ. ನಂಬುವುದೋ ಬಿಡುವುದೋ ಆಮೇಲೆ ನಮ್ಮ ಹೆಂಗಸರು ತಾವೇ ತೀರ್ಮಾನ ಮಾಡುತ್ತಾರೆ, ಅದನ್ನು ಬೇರೆ ಯಾರೂ ಅವರಿಗೆ ಕಟ್ಟಿಕೊಡಬೇಕಾಗಿಲ್ಲ.